ಎರಡು ಜನಗಣತಿಗಳ ನಡುವೆ ಯಾದಗಿರಿಯ ಜನಸಂಖ್ಯೆಯನ್ನು ಅಂದಾಜು ಮಾಡಿದ ಬಗೆ

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಯಾದಗಿರಿ ಜಿಲ್ಲೆಯ ಯೋಜನಾ ಕೆಲಸಗಳಿಗೆ ಅಂಕಿಅಂಶ ಒದಗಿಸುತ್ತಿದ್ದ ನನ್ನಂಥವರಿಗೆ ಇದರಿಂದ ಆದ ತೊಂದರೆ ಬಹಳ ನೇರವಾದದ್ದು. ಕುಡಿಯುವ ನೀರಿನ ಯೋಜನೆಗೆ ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕವಿದೆ, ಅಂಗನವಾಡಿ ಕೇಂದ್ರಕ್ಕೆ ಇಷ್ಟು ಜನಸಂಖ್ಯೆಗೆ ಒಂದು ಎಂಬ ಮಾನದಂಡವಿದೆ. ಆದರೆ ಆ ತಲೆಗಳು ಎಷ್ಟು ಎಂಬುದಕ್ಕೆ 2011ರ ಪುಸ್ತಕವೊಂದೇ ಆಧಾರ. ಹತ್ತು ವರ್ಷ ಹಳೆಯ ಸಂಖ್ಯೆಯನ್ನು ಹಾಗೆಯೇ ಬರೆದರೆ ತಪ್ಪು, ಹಿಂದಿನ ದಶಕದ ಬೆಳವಣಿಗೆಯನ್ನು ಅದಕ್ಕೆ ಕೂಡಿಸಿ ಬರೆದರೆ ಇನ್ನೊಂದು ಬಗೆಯ ತಪ್ಪು. ಈ ಎರಡರ ನಡುವೆ ನಾನು ಲೆಕ್ಕವನ್ನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಮೂಲಸಂಖ್ಯೆಯನ್ನು ಸರಿಪಡಿಸಿಕೊಳ್ಳುವುದು. ಯಾದಗಿರಿಯು ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2011ರ ಗಣತಿಗೆ ಸ್ವಲ್ಪವೇ ಮೊದಲು. ಆದ್ದರಿಂದ 2001ರ ಗಣತಿಯಲ್ಲಿ ಈ ಹೆಸರಿನ ಜಿಲ್ಲೆಯೇ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಕೂಡಿಸಿ 9,56,180 ಎಂಬ ಸಂಖ್ಯೆಯನ್ನು ಪಡೆಯಬೇಕು. 2011ರಲ್ಲಿ ಅದು 11,74,271. ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಎಂಬ ಹೊಸ ತಾಲ್ಲೂಕುಗಳು ಬಂದವು. ತಾಲ್ಲೂಕುವಾರು ಅಂದಾಜು ಬೇಕೆಂದಾಗ ಪ್ರತಿ ಹಳ್ಳಿಯ ಗಣತಿ ಸಂಕೇತ ಸಂಖ್ಯೆಯನ್ನು ಹಿಡಿದು, ಅದು ಈಗ ಯಾವ ತಾಲ್ಲೂಕಿಗೆ ಸೇರಿದೆ ಎಂದು ಗುರುತಿಸಿ, ಆರು ತಾಲ್ಲೂಕುಗಳ 2011ರ ಜನಸಂಖ್ಯೆಯನ್ನು ಹೊಸದಾಗಿ ಕೂಡಿಸಬೇಕಾಯಿತು. ಬೇಸರ ತರಿಸುವ ಕೆಲಸವೇ ಸರಿ, ಆದರೆ ಇದನ್ನು ಮಾಡದೆ ಹೊರಟವರ ಲೆಕ್ಕದಲ್ಲಿ ಗಡಿ ಬದಲಾದದ್ದೇ ಜನ ಹೆಚ್ಚಾದಂತೆಯೋ ಕಡಿಮೆಯಾದಂತೆಯೋ ಕಾಣಿಸುತ್ತದೆ.

2001ರಿಂದ 2011ರವರೆಗೆ ಜಿಲ್ಲೆಯ ಬೆಳವಣಿಗೆ ಶೇ 22.81. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು, ಕೊಡಗು ಶೇ 1ರ ಆಸುಪಾಸಿನಲ್ಲಿ ನಿಂತಿತು, ಚಿಕ್ಕಮಗಳೂರಿನ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ರಾಜ್ಯದ ಸರಾಸರಿಯಾದ ಶೇ 15.60 ಈ ಯಾವ ಜಿಲ್ಲೆಯ ಚಿತ್ರವನ್ನೂ ಕೊಡುವುದಿಲ್ಲ.

ಸುಲಭದ ದಾರಿಯೆಂದರೆ ಶೇ 22.81ನ್ನೇ ಇನ್ನೊಂದು ದಶಕಕ್ಕೆ ಎಳೆಯುವುದು. ಹಾಗೆ ಮಾಡಿದರೆ 2021ಕ್ಕೆ 14.42 ಲಕ್ಷ ಬರುತ್ತದೆ. ಈ ದಾರಿಯನ್ನು ನಾನು ನಂಬದಿರುವುದಕ್ಕೆ ಕಾರಣ ರಾಜ್ಯದ ಅಂಕಿಗಳಲ್ಲಿಯೇ ಇದೆ. ಕರ್ನಾಟಕದ ದಶಕದ ಬೆಳವಣಿಗೆ 1971–81ರಲ್ಲಿ ಶೇ 26.75 ಇದ್ದದ್ದು ನಂತರದ ದಶಕಗಳಲ್ಲಿ 21.12, 17.51, 15.60 ಎಂದು ಒಂದೇ ಸಮನೆ ಇಳಿಯುತ್ತ ಬಂದಿದೆ. ಅದಕ್ಕಿಂತ ಮುಖ್ಯವಾದದ್ದು ಸೊನ್ನೆಯಿಂದ ಆರು ವರ್ಷದ ಮಕ್ಕಳ ಸಂಖ್ಯೆ: 2001ರಲ್ಲಿ 71,82,100 ಇದ್ದದ್ದು 2011ರಲ್ಲಿ 71,61,033. ಒಟ್ಟು ಜನ 82 ಲಕ್ಷದಷ್ಟು ಹೆಚ್ಚಿದ ದಶಕದಲ್ಲಿ ಮಕ್ಕಳು ಹೆಚ್ಚಲಿಲ್ಲ. ಹೆಚ್ಚಿದ್ದು ಹಿಂದೆ ಹುಟ್ಟಿ ಈಗ ದೊಡ್ಡವರಾದವರು, ಹೆಚ್ಚು ಕಾಲ ಬದುಕುತ್ತಿರುವ ಹಿರಿಯರು ಮತ್ತು ಹೊರಗಿನಿಂದ ಬಂದವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವತ್ತತೆಯ ದರ, ಅಂದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ, 2005–06ರಲ್ಲಿ 2.1 ಇದ್ದದ್ದು 2019–21ರಲ್ಲಿ 1.7ಕ್ಕೆ ಬಂದಿದೆ. ಹೀಗಿರುವಾಗ ಹಳೆಯ ವೇಗವನ್ನೇ ಮುಂದುವರಿಸುವುದು ಹುಟ್ಟದ ಮಕ್ಕಳನ್ನು ಲೆಕ್ಕಕ್ಕೆ ಸೇರಿಸಿದಂತೆ.

ಕೇಂದ್ರದ ತಾಂತ್ರಿಕ ತಂಡವು 2011ರಿಂದ 2036ರವರೆಗೆ ರಾಜ್ಯಗಳ ಜನಸಂಖ್ಯಾ ಮುನ್ನಂದಾಜನ್ನು ಸಿದ್ಧಪಡಿಸಿದೆ. ಅದರಲ್ಲಿ ಪ್ರತಿ ವಯೋಗುಂಪನ್ನು ಐದೈದು ವರ್ಷ ಮುಂದಕ್ಕೆ ಸಾಗಿಸಿ, ಮರಣವನ್ನು ಕಳೆದು, ಜನನವನ್ನು ಸೇರಿಸಿ, ವಲಸೆಯನ್ನು ಹೊಂದಿಸುವ ವಿಧಾನವನ್ನು ಬಳಸಲಾಗಿದೆ. ಅದರ ಪ್ರಕಾರ 2021ಕ್ಕೆ ಕರ್ನಾಟಕದ ಜನಸಂಖ್ಯೆ ಸುಮಾರು 6.68 ಕೋಟಿ. ಶೇ 15.60ನ್ನು ಕಣ್ಣುಮುಚ್ಚಿ ಎಳೆದಿದ್ದರೆ 7.06 ಕೋಟಿ ಆಗುತ್ತಿತ್ತು. ಎರಡರ ನಡುವಿನ ಅಂತರವೇ 38 ಲಕ್ಷದಷ್ಟು. ಆ ವರದಿ ಜಿಲ್ಲೆಗಿಳಿಯುವುದಿಲ್ಲವಾದ್ದರಿಂದ ನಾನು ಪಾಲಿನ ವಿಧಾನವನ್ನು ಬಳಸಿದೆ. ರಾಜ್ಯದ ಜನಸಂಖ್ಯೆಯಲ್ಲಿ ಯಾದಗಿರಿಯ ಪಾಲು 2001ರಲ್ಲಿ ಶೇ 1.81, 2011ರಲ್ಲಿ ಶೇ 1.92. ಪಾಲು ಅಲ್ಲಿಯೇ ನಿಂತಿತೆಂದುಕೊಂಡರೆ 2021ಕ್ಕೆ 12.85 ಲಕ್ಷ, ಮತ್ತೆ ಅಷ್ಟೇ ಶೇಕಡಾ ಅಂಶ ಏರಿತೆಂದುಕೊಂಡರೆ 13.60 ಲಕ್ಷ. ಅತಿ ಕಡಿಮೆಯಾದ ಈ 12.85 ಲಕ್ಷಕ್ಕೂ ಹಳೆಯ ವೇಗವನ್ನು ಎಳೆದಾಗ ಬಂದ 14.42 ಲಕ್ಷಕ್ಕೂ ನಡುವೆ 1.57 ಲಕ್ಷ ಜನರ ವ್ಯತ್ಯಾಸ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ 86 ಲಕ್ಷ ಲೀಟರ್.

ಈ ವ್ಯಾಪ್ತಿಯೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಸೂತ್ರ ಹೇಳುವುದಿಲ್ಲ, ಸ್ಥಳೀಯ ದಾಖಲೆಗಳು ಹೇಳಬೇಕು. ಆದರೆ ಪ್ರತಿಯೊಂದು ದಾಖಲೆಗೂ ಅದರದೇ ಓರೆಯಿದೆ. ಪಡಿತರ ಚೀಟಿಯಲ್ಲಿ ತೀರಿಕೊಂಡವರ ಹೆಸರು ಬಹುಕಾಲ ಉಳಿಯುತ್ತದೆ, ಊರು ಬಿಟ್ಟವರೂ ಚೀಟಿಯನ್ನು ಊರಿನಲ್ಲಿಯೇ ಉಳಿಸಿಕೊಳ್ಳುತ್ತಾರೆ. ಮತದಾರರ ಪಟ್ಟಿ ಹದಿನೆಂಟು ವರ್ಷ ತುಂಬಿದವರದು ಮಾತ್ರ. ಜನನ ನೋಂದಣಿಯ ವಿಷಯ ಇನ್ನೂ ಸೂಕ್ಷ್ಮ. 1969ರ ಕಾಯ್ದೆಯಂತೆ ಜನನವು ಘಟಿಸಿದ ಸ್ಥಳದಲ್ಲಿ ನೋಂದಣಿಯಾಗುತ್ತದೆ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಕಷ್ಟದ ಹೆರಿಗೆಗಳನ್ನು ರಾಯಚೂರು ಅಥವಾ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಒಯ್ಯುತ್ತಾರೆ. ಹಾಗಾಗಿ ನೋಂದಣಿಯಾದ ಊರನ್ನು ನೋಡಿದರೆ ಯಾದಗಿರಿಯ ಕೂಸು ಕಲಬುರಗಿಯ ಲೆಕ್ಕಕ್ಕೆ ಸೇರುತ್ತದೆ. ಜನನ ವರದಿಯ ನಮೂನೆಯ ಸಾಂಖ್ಯಿಕ ಭಾಗದಲ್ಲಿ ತಾಯಿಯ ವಾಸಸ್ಥಳದ ಕಲಮು ಇರುತ್ತದೆ. ನಾನು ಆಧಾರವಾಗಿ ಇಟ್ಟುಕೊಂಡದ್ದು ಅದನ್ನು. ಅದನ್ನು ಅಂಗನವಾಡಿ ಕಾರ್ಯಕರ್ತೆಯರ ಕುಟುಂಬ ಸಮೀಕ್ಷೆಯ ದಾಖಲೆಯೊಂದಿಗೆ, ಆರು ವರ್ಷಗಳ ನಂತರ ಒಂದನೆಯ ತರಗತಿಗೆ ದಾಖಲಾದ ಮಕ್ಕಳ ಸಂಖ್ಯೆಯೊಂದಿಗೆ ಹೋಲಿಸಿದೆ. ಈ ಮೂರರಲ್ಲಿ ಅಂಗನವಾಡಿಯ ದಾಖಲೆಯ ಮೇಲೆ ನನಗೆ ಹೆಚ್ಚು ವಿಶ್ವಾಸ. ಮನೆ ಮನೆಯ ಗರ್ಭಿಣಿಯನ್ನೂ ಬಾಣಂತಿಯನ್ನೂ ಆ ಹೆಣ್ಣುಮಗಳು ಹೆಸರು ಹಿಡಿದು ಬಲ್ಲಳು.

ಇನ್ನು ವಲಸೆ. ಇಲ್ಲಿ ಗಣತಿಯ ನಿಯಮವನ್ನು ತಿಳಿಯದೆ ಸಂಖ್ಯೆಯನ್ನು ಓದಲಾಗದು. 2011ರ ಎಣಿಕೆಯಲ್ಲಿ ನಾನು ಮೇಲ್ವಿಚಾರಕನಾಗಿದ್ದೆ, ಆರು ಮಂದಿ ಗಣತಿದಾರರು ನನ್ನ ಜೊತೆಗಿದ್ದರು. ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, 28ರ ರಾತ್ರಿ ವಸತಿಹೀನರ ಎಣಿಕೆ, ಮಾರ್ಚ್ 1ರಿಂದ 5ರವರೆಗೆ ಮರುಭೇಟಿ. ಮಾರ್ಚ್ 1ರ ಸೊನ್ನೆ ಗಂಟೆ ಆಧಾರ ಸಮಯ. ಅದಕ್ಕೆ ಮೊದಲು ತೀರಿಕೊಂಡವರನ್ನು ತೆಗೆದು, ಹುಟ್ಟಿದ ಕೂಸುಗಳನ್ನು ಸೇರಿಸಿದೆವು. ಎಣಿಕೆಯ ಇಡೀ ಅವಧಿಯಲ್ಲಿ ಮನೆಯಲ್ಲಿ ಇಲ್ಲದವರನ್ನು ಆ ಮನೆಯಲ್ಲಿ ಬರೆಯುವಂತಿಲ್ಲ, ಅವರು ಸಿಕ್ಕಲ್ಲಿ ಬರೆಯಬೇಕು. ಫೆಬ್ರುವರಿಯೆಂದರೆ ನಮ್ಮ ಭಾಗದಲ್ಲಿ ಒಣಬೇಸಾಯದ ಸುಗ್ಗಿ ಮುಗಿಸಿ ಕೂಲಿಯವರು ಗುಳೆ ಹೋಗುವ ಕಾಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟಿದ ಹಳ್ಳಿಗಳಲ್ಲಿ ಮನೆಗಳು ತುಂಬಿದ್ದವು, ನೀರಿಲ್ಲದ ಹಳ್ಳಿಗಳಲ್ಲಿ ಮತ್ತು ತಾಂಡಾಗಳಲ್ಲಿ ಬೀಗ ಹಾಕಿದ ಬಾಗಿಲುಗಳು ಸಾಲಾಗಿದ್ದವು, ಅಜ್ಜ ಅಜ್ಜಿಯರೂ ಶಾಲೆಗೆ ಹೋಗುವ ಮಕ್ಕಳೂ ಮಾತ್ರ ಉಳಿದಿದ್ದರು. ಗುಳೆ ಹೋದವರು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಎಣಿಕೆಗೆ ಸಿಕ್ಕಿದ್ದರೆ ಆ ನಗರದ ಲೆಕ್ಕಕ್ಕೆ ಹೋದರು. ಸಿಗದೆ ಇದ್ದರೆ ಎಲ್ಲಿಯೂ ಇಲ್ಲ. ಗಣತಿಯ ನಂತರದ ಪರಿಶೀಲನಾ ಸಮೀಕ್ಷೆಯಲ್ಲಿ ದೇಶದಲ್ಲಿ ಸಾವಿರಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರೆಂದು ಕಂಡುಬಂದಿತ್ತು. ಅವರಲ್ಲಿ ಗುಳೆಯವರು ಬಹಳ ಮಂದಿ ಇದ್ದಿರಬೇಕೆಂಬುದು ನನ್ನ ಊಹೆ.

ಈ ಕಾರಣಕ್ಕೆ ತಾಂಡಾಗಳ ನೀರಿನ ಅಗತ್ಯವನ್ನು ಲೆಕ್ಕ ಹಾಕುವಾಗ ನಾನು ಗಣತಿಯ ತಲೆಗಳಿಗಿಂತ ಮನೆಪಟ್ಟಿಯ ಮನೆಗಳನ್ನು ಆಧಾರವಾಗಿ ಹಿಡಿದೆ. ಗುಳೆ ಹೋದವರು ಮುಂಗಾರಿಗೆ ಮರಳುತ್ತಾರೆ, ಆಗ ನೀರು ಬೇಕಾಗುವುದು ಇಡೀ ಕುಟುಂಬಕ್ಕೆ.

ವಯಸ್ಸಿನ ವಿಷಯವನ್ನೂ ಹೇಳಬೇಕು. ವಯೋಗುಂಪುಗಳನ್ನು ಮುಂದಕ್ಕೆ ಸಾಗಿಸುವ ಲೆಕ್ಕ ನಿಂತಿರುವುದೇ ವಯಸ್ಸಿನ ಮೇಲೆ, ನಮ್ಮ ಜಿಲ್ಲೆಯ ಸಾಕ್ಷರತೆಯಾದರೋ 2011ರಲ್ಲಿ ಶೇ 52ರಷ್ಟು, ರಾಜ್ಯದಲ್ಲಿಯೇ ಅತಿ ಕಡಿಮೆ. "ಎಷ್ಟ್ರೀ ಅಜ್ಜಾ ನಿಮ್ಮ ವಯಸ್ಸು" ಎಂದರೆ "ರಜಾಕಾರರ ಹಾವಳಿಯಾಗ ಹುಟ್ಟೀನಿ" ಎಂದು ಉತ್ತರ ಬರುತ್ತಿತ್ತು. ಅದು ಒಳ್ಳೆಯ ಉತ್ತರ: 1947–48 ಎಂದು ಹಿಡಿದರೆ 2011ಕ್ಕೆ ಅರವತ್ತಮೂರರ ಸುತ್ತ. 1972ರ ಬರವೂ ಇಂಥದೇ ಒಂದು ಗುರುತು. ಹೀಗೆ ಕೇಳದೆ ಹೋದಲ್ಲಿ ಎಲ್ಲರೂ ನಲವತ್ತು, ನಲವತ್ತೈದು, ಐವತ್ತು. 23ರಿಂದ 62ರವರೆಗಿನ ವಯಸ್ಸಿನವರಲ್ಲಿ ಎಲ್ಲರೂ ಸರಿಯಾದ ವಯಸ್ಸನ್ನೇ ಹೇಳಿದ್ದರೆ, ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ವಯಸ್ಸು ಹೇಳಿದವರು ಐದನೇ ಒಂದು ಪಾಲು ಇರಬೇಕು. ಅದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ವಿಪ್ಪಲ್ ಸೂಚ್ಯಂಕ ತೋರಿಸುತ್ತದೆ. ಅದನ್ನು ನೋಡಿ, ಗುಂಪುಗಳನ್ನು ಸಮಗೊಳಿಸಿದ ಮೇಲೆಯೇ ನಾನು ಮುಂದಿನ ಲೆಕ್ಕಕ್ಕೆ ಕೈಹಾಕಿದೆ.

ಕೊನೆಗೆ ನಾನು ಕೊಟ್ಟದ್ದು 2021ಕ್ಕೆ 12.85ರಿಂದ 13.60 ಲಕ್ಷ ಎಂಬ ವ್ಯಾಪ್ತಿ. ಸರ್ಕಾರಿ ಕಡತಕ್ಕೆ ವ್ಯಾಪ್ತಿ ಎಂದರೆ ಆಗಿಬರುವುದಿಲ್ಲ, ಒಂದೇ ಸಂಖ್ಯೆ ಬೇಕು. ನೀರಿಗೆ ಮೇಲಿನ ಅಂಚನ್ನು, ಹೊಸ ಅಂಗನವಾಡಿಗಳಿಗೆ ಕೆಳಗಿನ ಅಂಚನ್ನು ಬಳಸಿರೆಂದು ಟಿಪ್ಪಣಿ ಬರೆದೆ, ಏಕೆಂದರೆ ಪೈಪು ಸಾಲದೆ ಹೋದರೆ ಮತ್ತೆ ನೆಲ ಅಗೆಯಬೇಕು, ಮಕ್ಕಳ ಸಂಖ್ಯೆಯಾದರೋ ಏರುವ ಲಕ್ಷಣವಿಲ್ಲ. 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆಯ ಅಂಕಿಗಳನ್ನು ಈ ಸರಣಿಗೆ ಸೇರಿಸಬಾರದೆಂಬುದು ನನ್ನ ಅಭಿಪ್ರಾಯ. ಅದರ ಉದ್ದೇಶ ಬೇರೆ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಹೈಕೋರ್ಟ್ ಹೇಳಿದೆ.

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಆಗ 2011ರೊಂದಿಗೆ ಹೋಲಿಸುವವರು ಮೊದಲು ಗಮನಿಸಬೇಕಾದದ್ದು ನಡುವಿನ ಅಂತರ ಹದಿನಾರು ವರ್ಷ ಎಂಬುದನ್ನು. ಹದಿನಾರು ವರ್ಷದ ಶೇಕಡಾವಾರನ್ನು ಹಿಂದಿನ ದಶಕದ್ದರ ಪಕ್ಕದಲ್ಲಿಟ್ಟರೆ ಎಲ್ಲ ಜಿಲ್ಲೆಗಳೂ ಒಮ್ಮೆಲೇ ಬೆಳೆದಂತೆ ಕಾಣುತ್ತದೆ. ಎರಡು ಸಂಖ್ಯೆಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ ತೆಗೆದು ವರ್ಷಗಳಿಂದ ಭಾಗಿಸಿ, ವಾರ್ಷಿಕ ದರಕ್ಕೆ ತಂದುಕೊಂಡೇ ಹೋಲಿಸಬೇಕು. 2001–11ಕ್ಕೆ ಆ ದರ ರಾಜ್ಯದಲ್ಲಿ ಶೇ 1.45, ಯಾದಗಿರಿಯಲ್ಲಿ ಶೇ 2.05. ಮೊದಲು ಬರುವ ತಾತ್ಕಾಲಿಕ ಅಂಕಿಗಳಲ್ಲಿ ಮಕ್ಕಳ ಸಂಖ್ಯೆಯನ್ನು ನೋಡಿ ಕೂಡಲೇ ತೀರ್ಮಾನಕ್ಕೆ ಬರುವುದೂ ಬೇಡ: 2011ರಲ್ಲಿ ರಾಜ್ಯದ ಸೊನ್ನೆಯಿಂದ ಆರು ವರ್ಷದ ಮಕ್ಕಳ ತಾತ್ಕಾಲಿಕ ಸಂಖ್ಯೆ 68.56 ಲಕ್ಷ ಎಂದಿತ್ತು, ಅಂತಿಮ ಪಟ್ಟಿಯಲ್ಲಿ ಅದು ಮೂರು ಲಕ್ಷದಷ್ಟು ಹೆಚ್ಚಾಯಿತು.