ಕ್ಲಸ್ಟರ್ ಮೇಲೇಳದಿದ್ದರೆ ಕೆಳಗಿನಿಂದ ಹುಡುಕಿ

ಹೊಸದಾಗಿ ಕಟ್ಟಿದ ಲಿನಕ್ಸ್ ಕ್ಲಸ್ಟರ್ (ಒಂದು ಯಂತ್ರ ಬಿದ್ದರೆ ಇನ್ನೊಂದು ಅದರ ಕೆಲಸ ವಹಿಸಿಕೊಳ್ಳುವ ಜೋಡಣೆ) ಮೇಲೇಳದಿದ್ದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ರಿಸೋರ್ಸ್‌ಗಳ ಕಡೆಗೆ, ಅಂದರೆ ಕ್ಲಸ್ಟರ್ ನಡೆಸುವ ಸರ್ವೀಸ್‌ಗಳ ಕಡೆಗೆ. ಡೇಟಾಬೇಸ್ ಯಾಕೆ ಶುರುವಾಗಲಿಲ್ಲ, ವರ್ಚುವಲ್ ಐಪಿ (ಯಂತ್ರದಿಂದ ಯಂತ್ರಕ್ಕೆ ಹೋಗಬಲ್ಲ ಅಡ್ರೆಸ್) ಯಾಕೆ ಬರಲಿಲ್ಲ ಅಂತ. ನಾನು ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ. ಯಾವ ನೋಡ್ (ಕ್ಲಸ್ಟರ್‌ನ ಒಂದೊಂದು ಯಂತ್ರ) ಬದುಕಿದೆ ಅಂತ, ರಿಸೋರ್ಸ್‌ಗಳನ್ನು ನಡೆಸುವ ಪೇಸ್‌ಮೇಕರ್‌ಗೆ ಸುದ್ದಿ ಕೊಡುವುದು ಕೊರೊಸಿಂಕ್. ಕೊರೊಸಿಂಕ್ ನಿಂತಿರುವುದು ನೆಟ್‌ವರ್ಕ್ ಮೇಲೆ. ಹಾಗಾಗಿ ಮೊದಲು ನೆಟ್‌ವರ್ಕ್, ಆಮೇಲೆ ಕೋರಂ (ಕೆಲಸ ನಡೆಸಲು ಬೇಕಾದಷ್ಟು ವೋಟ್), ಆಮೇಲೆ ಫೆನ್ಸಿಂಗ್ (ಕೈಗೆ ಸಿಗದ ನೋಡನ್ನು ಬಲವಂತವಾಗಿ ಕೆಡವುವುದು), ಕೊನೆಗೆ ರಿಸೋರ್ಸ್. ಕೆಳಗಿನದು ಸರಿಯಿಲ್ಲದೆ ಮೇಲಿನದನ್ನು ತಿದ್ದಲು ಕೂತರೆ ರಾತ್ರಿ ಕಳೆಯುತ್ತದೆ, ಕೆಲಸ ಆಗುವುದಿಲ್ಲ.

ಎರಡು ನೋಡ್‌ನ ಕ್ಲಸ್ಟರ್ ಅಂದುಕೊಳ್ಳೋಣ. ಕ್ಲಸ್ಟರ್ ನೋಡಿಕೊಳ್ಳುವ ಕಮ್ಯಾಂಡ್ ಪಿಸಿಎಸ್. ಎರಡೂ ನೋಡ್‌ಗಳಲ್ಲಿ 'ಪಿಸಿಎಸ್ ಸ್ಟೇಟಸ್' ಕೊಟ್ಟು ನೋಡಿ. ಪ್ರತಿ ನೋಡೂ ತಾನು ಆನ್‌ಲೈನ್, ಇನ್ನೊಂದು ಆಫ್‌ಲೈನ್ ಅನ್ನುತ್ತಿದೆಯಾ? ಹಾಗಿದ್ದರೆ ಎರಡಕ್ಕೂ ಮಾತೇ ಆಗಿಲ್ಲ. ಆಗ ನಾನು ಕೊರೊಸಿಂಕ್-ಸಿಎಫ್‌ಜಿಟೂಲ್ ಕಮ್ಯಾಂಡನ್ನು 'ಎಸ್' ಆಪ್ಷನ್ ಜೊತೆ ಓಡಿಸಿ, ಅದು ತೋರಿಸುವ ಲಿಂಕ್‌ನ ಅಡ್ರೆಸ್ ನೋಡುತ್ತೇನೆ. ಅಲ್ಲಿ ನಿಮ್ಮ ನಿಜವಾದ ಐಪಿ ಇರಬೇಕು. 127.0.1.1 ಇದ್ದರೆ ಕಳ್ಳ ಸಿಕ್ಕ ಹಾಗೆಯೇ. ಡೆಬಿಯನ್, ಉಬುಂಟು ಎರಡೂ ಇನ್‌ಸ್ಟಾಲ್ ಮಾಡುವಾಗ ಹೋಸ್ಟ್ಸ್ ಫೈಲ್‌ನಲ್ಲಿ ಯಂತ್ರದ ಹೆಸರನ್ನು 127.0.1.1ಕ್ಕೆ ಕಟ್ಟುವುದುಂಟು. ಕ್ಲಸ್ಟರ್‌ಗೆ ನೀವು ಹೋಸ್ಟ್‌ನೇಮ್ ಕೊಟ್ಟಿದ್ದರೆ ಕೊರೊಸಿಂಕ್ ಆ ಲೂಪ್‌ಬ್ಯಾಕ್ ಅಡ್ರೆಸ್ (ಯಂತ್ರ ತನ್ನೊಳಗೇ ಮಾತಾಡುವ ಅಡ್ರೆಸ್) ಹಿಡಿದು ಕೂರುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ಆ ಸಾಲು ತೆಗೆದು, ಎರಡೂ ನೋಡ್‌ಗಳ ಹೆಸರು ಮತ್ತು ನಿಜವಾದ ಐಪಿಯನ್ನು ಎರಡೂ ಕಡೆ ಬರೆಯಿರಿ.

ಪಿಂಗ್ ಹೋಗುತ್ತಿದೆ ಅಂತ ಸಮಾಧಾನ ಪಡಬೇಡಿ. ಕೊರೊಸಿಂಕ್ ಮಾತಾಡುವುದು ಯುಡಿಪಿ 5405ರಲ್ಲಿ, ಪಿಸಿಎಸ್‌ನ ಹಿನ್ನೆಲೆ ಸರ್ವೀಸ್ ಪಿಸಿಎಸ್‌ಡಿ ಕೇಳಿಸಿಕೊಳ್ಳುವುದು ಟಿಸಿಪಿ 2224ರಲ್ಲಿ. ಎರಡೂ ನೋಡ್‌ಗಳಲ್ಲಿ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ 5405ನ್ನು ನೋಡಿ. ಒಂದು ಕಡೆ ಪ್ಯಾಕೆಟ್ ಹೊರಡುತ್ತಿದೆ, ಇನ್ನೊಂದು ಕಡೆ ಬರುತ್ತಲೇ ಇಲ್ಲ ಅಂದರೆ ದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ. ಬರುತ್ತಿದೆ, ಆದರೂ ಲಿಂಕ್ ಡಿಸ್ಕನೆಕ್ಟೆಡ್ ಅನ್ನುತ್ತಿದ್ದರೆ ಆ ನೋಡ್‌ನ ಫೈರ್‌ವಾಲ್ ನೋಡಿ. ಅದೂ ಸರಿಯಿದ್ದರೆ ಎರಡೂ ಕಡೆಯ ಆಥ್‌ಕೀ (ಕೊರೊಸಿಂಕ್‌ನ ಗುಟ್ಟಿನ ಕೀಲಿ) ಫೈಲ್ ಹೋಲಿಸಿ. ಫೈರ್‌ವಾಲ್‌ಡಿ ಇರುವವರಿಗೆ 'ಹೈ-ಅವೈಲಬಿಲಿಟಿ' ಅನ್ನುವ ಸರ್ವೀಸ್ ಸಿದ್ಧವಾಗಿಯೇ ಇದೆ, ಅದನ್ನು ಸೇರಿಸಿದರೆ ಬೇಕಾದ ಪೋರ್ಟ್‌ಗಳು ತೆರೆಯುತ್ತವೆ.

ಕೋರಂ ವಿಷಯ ಚಿಕ್ಕದು, ಆದರೆ ಗಾಬರಿ ಜಾಸ್ತಿ ಹುಟ್ಟಿಸುತ್ತದೆ. ಎರಡು ನೋಡ್‌ನ ಕ್ಲಸ್ಟರ್‌ನಲ್ಲಿ 'ಟೂ ನೋಡ್' ಸೆಟ್ಟಿಂಗ್ ಹಾಕಿದರೆ 'ವೇಟ್ ಫಾರ್ ಆಲ್' ತಾನಾಗಿಯೇ ಸೇರಿಕೊಳ್ಳುತ್ತದೆ. ಎರಡೂ ಯಂತ್ರ ಆಫ್ ಆಗಿ ಒಂದೇ ಒಂದು ಎದ್ದರೆ, ಅದು ಇನ್ನೊಂದನ್ನು ಒಮ್ಮೆಯಾದರೂ ನೋಡುವ ತನಕ ಸುಮ್ನೆ ಕಾಯುತ್ತದೆ. ಅದು ಕೆಟ್ಟಿಲ್ಲ, ಹಾಗೆಯೇ ಇರಬೇಕು. ಈ ಕಾಯುವಿಕೆ ಬೇಡ ಅನ್ನುವವರು ಮೂರನೆಯ ನೋಡ್ ಸೇರಿಸಿ. ಅಥವಾ ಬೇರೊಂದು ಯಂತ್ರದಲ್ಲಿ ಕ್ಯೂನೆಟ್‌ಡಿ (ಹೊರಗಿನಿಂದ ವೋಟ್ ಹಾಕುವ ಸರ್ವೀಸ್) ಇಟ್ಟು ಒಂದು ವೋಟ್ ಕೊಡಿ. ಅದಕ್ಕೆ ಟಿಸಿಪಿ 5403 ತೆರೆದಿರಬೇಕು.

ಈಗ ಫೆನ್ಸಿಂಗ್. ಇಲ್ಲಿ ನಿಧಾನವಾಗಿ ಓದಿ. ಪೇಸ್‌ಮೇಕರ್‌ನಲ್ಲಿ ಸ್ಟೊನಿತ್ (ಫೆನ್ಸಿಂಗ್‌ಗೆ ಅಲ್ಲಿರುವ ಹೆಸರು) ಮೊದಲಿನಿಂದಲೇ ಆನ್ ಇರುತ್ತದೆ. ಫೆನ್ಸಿಂಗ್ ಸಾಧನ ಹೇಳದಿದ್ದರೆ ಒಂದೇ ಒಂದು ರಿಸೋರ್ಸೂ ಶುರುವಾಗುವುದಿಲ್ಲ. ಕಾನ್ಫಿಗ್ ಪರೀಕ್ಷಿಸುವ ಸಿಆರ್‌ಎಂ-ವೆರಿಫೈ ಓಡಿಸಿದರೆ ಕಾರಣವನ್ನು ಅದೇ ಹೇಳುತ್ತದೆ. ಆಗ ಎಲ್ಲರೂ ಹುಡುಕುವ ಸುಲಭದ ದಾರಿ ಅಂದರೆ ಸ್ಟೊನಿತ್ ಆಫ್ ಮಾಡುವುದು. ಆಫ್ ಮಾಡಿದ ಕೂಡಲೇ ಎಲ್ಲಾ ಹಸಿರಾಗುತ್ತದೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ನೋಡ್‌ಗಳ ನಡುವಿನ ಕೇಬಲ್ ಮಾತ್ರ ಕಡಿದರೆ ಎರಡೂ ನೋಡ್ ಬದುಕಿರುತ್ತವೆ, ಎರಡೂ ತಾನೇ ಯಜಮಾನ ಅಂದುಕೊಳ್ಳುತ್ತವೆ. ಒಂದೇ ಹಂಚಿಕೆಯ ಡಿಸ್ಕ್‌ನಲ್ಲಿರುವ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ಮನ್ನು ಎರಡೂ ಕಡೆ ಮೌಂಟ್ ಮಾಡಿದರೆ ಡೇಟಾ ಹಾಳಾಗುತ್ತದೆ. ಆ ಹಾನಿಗೆ ಬ್ಯಾಕಪ್ ಬಿಟ್ಟರೆ ಮದ್ದಿಲ್ಲ. ಕ್ಲಸ್ಟರ್ ಕಟ್ಟಿದ್ದೇ ಡೇಟಾ ಉಳಿಯಲಿ ಅಂತ ತಾನೇ.

ಐಪಿಎಂಐ (ಸರ್ವರ್‌ನ ಪವರನ್ನು ದೂರದಿಂದ ನಿಯಂತ್ರಿಸುವ ಏರ್ಪಾಡು) ಇರುವ ಸರ್ವರ್‌ಗೆ ನಾನು ಫೆನ್ಸ್-ಐಪಿಎಂಐಲ್ಯಾನ್ ಏಜೆಂಟನ್ನು ಮೊದಲು ಕೈಯಾರೆ ಓಡಿಸುತ್ತೇನೆ, 'ಸ್ಟೇಟಸ್' ಮಾತ್ರ ಕೇಳಿ. ಉತ್ತರ ಬರದಿದ್ದರೆ ಲ್ಯಾನ್‌ಪ್ಲಸ್ ಆಪ್ಷನ್ ಹಾಕಿ ನೋಡಿ, ಈಗಿನ ಬಹಳಷ್ಟು ಸರ್ವರ್‌ಗಳು ಅದನ್ನೇ ಕೇಳುತ್ತವೆ. ಕೈಯಿಂದ ಓಡುತ್ತದೆ, ಕ್ಲಸ್ಟರ್‌ನಿಂದ ಓಡುವುದಿಲ್ಲ ಅನ್ನುವಾಗ ಪಿಸಿಎಂಕೆ-ಹೋಸ್ಟ್-ಲಿಸ್ಟ್ (ಆ ಸಾಧನ ಕೆಡವಬಲ್ಲ ನೋಡ್‌ಗಳ ಪಟ್ಟಿ) ನೋಡಿ, ಅಲ್ಲಿನ ಹೆಸರು ನೋಡ್‌ನ ಹೆಸರಿಗೆ ಅಕ್ಷರಶಃ ಹೊಂದಬೇಕು.

ಫೆನ್ಸ್ ಆದ ನೋಡ್ ತಕ್ಷಣ ಸಾಯಬೇಕು. ಅದು ಮೆಲ್ಲಗೆ, ಸರ್ವೀಸ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಆಫ್ ಆಗುತ್ತಿದ್ದರೆ ಪವರ್ ಬಟನ್‌ನ ಸೂಚನೆಯನ್ನು ಸಿಸ್ಟಮ್‌ಡಿ-ಲಾಗಿನ್‌ಡಿ ಹಿಡಿಯುತ್ತಿದೆ ಅಂತ ಅರ್ಥ. ಲಾಗಿನ್‌ಡಿ ಕಾನ್ಫಿಗ್‌ನಲ್ಲಿ 'ಹ್ಯಾಂಡಲ್ ಪವರ್ ಕೀ'ಯನ್ನು 'ಇಗ್ನೋರ್' ಮಾಡಿ. ಎರಡೂ ನೋಡ್ ಒಂದನ್ನೊಂದು ಒಟ್ಟಿಗೇ ಕೆಡವುತ್ತಿದ್ದರೆ ಒಂದು ಫೆನ್ಸ್ ಸಾಧನಕ್ಕೆ ಪಿಸಿಎಂಕೆ-ಡಿಲೇ-ಬೇಸ್ (ಕೆಡವುವ ಮುನ್ನ ಕಾಯುವ ಸಮಯ) ಹಾಕಿ, ಕೆಲವು ಸೆಕೆಂಡ್ ಸಾಕು. ಆ ಸಾಧನ ಯಾವ ನೋಡನ್ನು ಕೆಡವುತ್ತದೋ ಆ ನೋಡ್ ಉಳಿಯುತ್ತದೆ. ಇನ್ನೊಂದು ಮಾತು. ಐಪಿಎಂಐಗೆ ಕರೆಂಟ್ ಸಿಗುವುದು ಅದೇ ಸರ್ವರ್‌ನಿಂದ. ಸರ್ವರ್‌ನ ಪವರ್ ಪೂರ್ತಿ ಹೋದರೆ ಐಪಿಎಂಐಯೂ ಉತ್ತರಿಸುವುದಿಲ್ಲ. ಬದುಕಿದ ನೋಡ್ ಇನ್ನೊಂದನ್ನು 'ಅನ್‌ಕ್ಲೀನ್' (ಸತ್ತಿದೆಯೋ ಇಲ್ಲವೋ ಖಚಿತವಿಲ್ಲ) ಅಂತ ಬರೆದು ಕಾಯುತ್ತಲೇ ಇರುತ್ತದೆ. ಅದಕ್ಕೇ ಎರಡನೆಯ ಹಂತದ ಫೆನ್ಸಿಂಗ್ ಬೇಕು, ಪಿಡಿಯು (ದೂರದಿಂದ ಕರೆಂಟ್ ಕತ್ತರಿಸಬಲ್ಲ ಪವರ್ ಪಟ್ಟಿ) ಅಥವಾ ಎಸ್‌ಬಿಡಿ (ವಾಚ್‌ಡಾಗ್ ಬಳಸಿ ನೋಡ್ ತನ್ನನ್ನೇ ಕೆಡವಿಕೊಳ್ಳುವ ಏರ್ಪಾಡು).

ಇಷ್ಟಾದ ಮೇಲೂ ರಿಸೋರ್ಸ್ ಏಳದಿದ್ದರೆ ಫೇಲ್‌ಕೌಂಟ್ (ಅದು ಎಷ್ಟು ಸಲ ಸೋತಿದೆ ಅನ್ನುವ ಲೆಕ್ಕ) ನೋಡಿ. ಸ್ಟಾರ್ಟ್ ಒಮ್ಮೆ ಸೋತರೂ ಡೀಫಾಲ್ಟ್ ಆಗಿ ಅದು ಇನ್ಫಿನಿಟಿ ಆಗುತ್ತದೆ, ಆ ನೋಡ್‌ನಲ್ಲಿ ಮತ್ತೆ ಪ್ರಯತ್ನವೇ ನಡೆಯುವುದಿಲ್ಲ. ಮೂಲ ಕಾರಣ ಸರಿಮಾಡಿ, ಆಮೇಲೆ 'ಪಿಸಿಎಸ್ ರಿಸೋರ್ಸ್ ಕ್ಲೀನಪ್'. ಕ್ಲಸ್ಟರ್ ನಡೆಸುವ ಸರ್ವೀಸ್‌ಗಳನ್ನು ಸಿಸ್ಟಮ್‌ಡಿಯಲ್ಲಿ (ಬೂಟ್ ಆಗುವಾಗ ಸರ್ವೀಸ್ ಶುರುಮಾಡುವುದು ಅದೇ) ಡಿಸೇಬಲ್ ಮಾಡಿರಬೇಕು, ಇಬ್ಬರು ಶುರುಮಾಡಿದರೆ ಜಗಳ ಖಂಡಿತ. ಯಾರೋ ಹಿಂದೆ 'ಮೂವ್' ಮಾಡಿ ಬಿಟ್ಟ ಲೊಕೇಷನ್ ಕನ್‌ಸ್ಟ್ರೇಂಟ್ (ರಿಸೋರ್ಸ್ ಯಾವ ನೋಡ್‌ನಲ್ಲಿರಬೇಕು ಅನ್ನುವ ನಿಯಮ) ಉಳಿದಿರಬಹುದು. ಸಿಎಲ್‌ಐ-ಪ್ರಿಫರ್, ಸಿಎಲ್‌ಐ-ಬ್ಯಾನ್ ಅಂತ ಶುರುವಾಗುವ ಹೆಸರುಗಳೇ ಅವು. 'ಪಿಸಿಎಸ್ ರಿಸೋರ್ಸ್ ಕ್ಲಿಯರ್' ಕೊಟ್ಟರೆ ಹೋಗುತ್ತವೆ.

ಪರೀಕ್ಷೆ ಮಾಡದ ಕ್ಲಸ್ಟರನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ನೆಟ್‌ವರ್ಕ್ ಇಂಟರ್‌ಫೇಸ್ ಡೌನ್ ಮಾಡುವುದು ಒಳ್ಳೆಯ ಪರೀಕ್ಷೆಯಲ್ಲ, ಹಳೆಯ ಕೊರೊಸಿಂಕ್ ಅದರಿಂದ ಗಲಿಬಿಲಿಯಾಗುತ್ತದೆ. ಕೇಬಲ್ ಎಳೆಯಿರಿ, ಅಥವಾ ಫೈರ್‌ವಾಲ್‌ನಲ್ಲಿ ಒಳಬರುವ ಹಾಗೂ ಹೊರಹೋಗುವ ಪ್ಯಾಕೆಟ್ ಎರಡನ್ನೂ ಬೀಳಿಸಿ. ಆಮೇಲೆ ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯು ಟ್ರಿಗರ್ ಫೈಲ್‌ಗೆ 'ಸಿ' ಅಕ್ಷರ ಬರೆದು ಕರ್ನಲ್ಲನ್ನೇ ಕ್ರ್ಯಾಶ್ ಮಾಡಿ. ಇನ್ನೊಂದು ನೋಡ್‌ನಲ್ಲಿ ಕ್ಲಸ್ಟರ್‌ನ ಸ್ಥಿತಿ ತೋರಿಸುವ ಸಿಆರ್‌ಎಂ-ಮಾನ್ ತೆರೆದಿಟ್ಟುಕೊಂಡಿರಿ. ಮೊದಲು 'ಅನ್‌ಕ್ಲೀನ್', ಆಮೇಲೆ ಫೆನ್ಸ್ ಆಗಿ 'ಆಫ್‌ಲೈನ್', ಆಮೇಲಷ್ಟೇ ರಿಸೋರ್ಸ್‌ಗಳು ಇತ್ತ ಬರಬೇಕು. ಬಿದ್ದ ನೋಡ್ ಎದ್ದ ಮೇಲೆ ರಿಸೋರ್ಸ್‌ಗಳು ಮತ್ತೆ ಅತ್ತ ಓಡುತ್ತಿದ್ದರೆ ಸ್ಟಿಕಿನೆಸ್ (ರಿಸೋರ್ಸ್ ಇದ್ದಲ್ಲೇ ಉಳಿಯುವ ಒಲವು) 0 ಇದೆಯಾ ನೋಡಿ, 100 ಕೊಟ್ಟು ಇನ್ನೊಮ್ಮೆ ಕ್ರ್ಯಾಶ್ ಮಾಡಿ.