ಚಿನ್ನಸ್ವಾಮಿ ಮರೆತು ಚೆಪಾಕ್‌ಗೆ ಹೋಗುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಸಿಕ್ಸರ್ ಎಣಿಸೋಕೆ ಚೆನ್ನೈವರೆಗೆ ಹೋಗಬೇಡಿ. ಅದಕ್ಕೆ ನಮ್ಮ ಕಬ್ಬನ್ ಪಾರ್ಕ್ ಪಕ್ಕದ ಚಿನ್ನಸ್ವಾಮಿ ಸ್ಟೇಡಿಯಮ್ಮೇ ಸಾಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ಊರು, ಗಾಳಿ ತೆಳು, ಬೌಂಡರಿ ಚಿಕ್ಕದು, ಬ್ಯಾಟಿನ ತುದಿಗೆ ತಾಗಿದ್ದೂ ಒಮ್ಮೊಮ್ಮೆ ಸ್ಟ್ಯಾಂಡಿಗೆ ಹೋಗಿ ಬೀಳುತ್ತದೆ. ಚೆನ್ನೈನ ಚೆಪಾಕ್ ಸ್ಟೇಡಿಯಂನಲ್ಲಿ ನೋಡಬೇಕಾದ್ದು ಸ್ಪಿನ್ನು, ಅದೂ ಟೆಸ್ಟ್‌ನಲ್ಲಿ. ಸಾಧ್ಯವಾದರೆ ಮೂರನೇ ಇಲ್ಲವೇ ನಾಲ್ಕನೇ ದಿನದ ಟಿಕೆಟ್ ತಗೊಳ್ಳಿ.

ಹೋಗೋದು ಸುಲಭ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಚೆನ್ನೈ ಸೆಂಟ್ರಲ್. ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಗವರ್ನಮೆಂಟ್ ಎಸ್ಟೇಟ್. ಇಳಿದು ವಾಲಾಜಾ ರಸ್ತೆ ಹಿಡಿದು ಸಮುದ್ರದ ಕಡೆ ನಡೆಯಿರಿ.

ಸೀಟು ಮಾತ್ರ ಯೋಚಿಸಿ ಆರಿಸಿ. ಪಕ್ಕದಿಂದ ನೋಡಿದರೆ ಚೆಂಡು ಎಷ್ಟು ತಿರುಗಿತು ಅಂತ ಗೊತ್ತೇ ಆಗಲ್ಲ. ಬೌಲರ್ ಬೆನ್ನ ಹಿಂದೆ, ಪಟ್ಟಾಭಿರಾಮನ್ ಗೇಟ್ ಕಡೆ ಸಿಕ್ಕರೆ ಬಿಡಬೇಡಿ. ನಾನು ಮೊದಲ ಸಲ ಬೆಂಗಳೂರಿನ ಡಿಸೆಂಬರ್ ನಂಬಿಕೊಂಡು ಜೀನ್ಸ್ ಹಾಕಿ ಹೋಗಿದ್ದೆ, ಲಂಚ್ ಹೊತ್ತಿಗೆ ಬಟ್ಟೆ ಹಿಂಡಿದರೆ ನೀರು ಬರೋ ಸ್ಥಿತಿ. ತೆಳು ಕಾಟನ್ ಹಾಕಿ. ಮಧ್ಯಾಹ್ನದ ಮೇಲೆ ಮರೀನಾ ಕಡೆಯಿಂದ ಗಾಳಿ ಬರುತ್ತದೆ, ಅಲ್ಲಿಯವರೆಗೆ ತಡೆದುಕೊಳ್ಳಬೇಕು.

ಹೋಗುವ ಮುಂಚೆ ಪಿಚ್ ಯಾವ ಮಣ್ಣಿನದು ಅಂತ ಪೇಪರಲ್ಲಿ ನೋಡಿ. ಕೆಂಪು ಮಣ್ಣಾದರೆ ಚೆಂಡು ಪುಟಿಯುತ್ತದೆ, ಕಪ್ಪಾದರೆ ನಿಧಾನ, ತಗ್ಗಿಯೇ ಬರುತ್ತದೆ. ಇದೊಂದು ಗೊತ್ತಿದ್ದರೆ ಪಕ್ಕದ ಸೀಟಿನ ಮಾಮಾ ಜೊತೆ ಇಡೀ ದಿನ ಮಾತಾಡಬಹುದು.

ಇನ್ನು ಸ್ವಲ್ಪ ಹಳೇ ಕಥೆ ತಿಳಿದುಕೊಂಡು ಹೋಗಿ, ಯಾಕಂದರೆ ಆ ಮೈದಾನದಲ್ಲಿ ನಮ್ಮವರ ಪಾಲೂ ಇದೆ. ಶುರು ಮಾತ್ರ ಮುಜುಗರದ್ದು. ರಣಜಿ ಟ್ರೋಫಿಯ ಮೊಟ್ಟಮೊದಲ ಮ್ಯಾಚ್ 1934ರ ನವೆಂಬರ್ 4ರಂದು ಇಲ್ಲೇ ನಡೆಯಿತು, ಮದ್ರಾಸ್ ವಿರುದ್ಧ ಮೈಸೂರು, ಅಂದರೆ ಈಗಿನ ಕರ್ನಾಟಕ ತಂಡ. ನಾವು 48ಕ್ಕೆ ಆಲೌಟ್, ಮತ್ತೆ 59ಕ್ಕೆ ಆಲೌಟ್. ಒಂದೇ ದಿನದಲ್ಲಿ ಮ್ಯಾಚ್ ಮುಗಿಯಿತು! ಎ. ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದರು.

ಸಾಲ ತೀರಿಸಿದ್ದು ನಮ್ಮ ವಿಶಿ. 1975ರ ಜನವರಿ, ಎದುರಿಗೆ ವೆಸ್ಟ್ ಇಂಡೀಸ್, ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಿದ್ದಾರೆ, ಇಂಡಿಯಾ ಪೂರ್ತಿ 190, ಅದರಲ್ಲಿ ಜಿ. ಆರ್. ವಿಶ್ವನಾಥ್ ಒಬ್ಬರದೇ 97, ಅದೂ ನಾಟೌಟ್. ಉಳಿದವರಲ್ಲಿ ಯಾರೂ 20 ಕೂಡ ಹೊಡೆದಿಲ್ಲ. ನಮ್ಮವರೇ ಆದ ಸ್ಪಿನ್ನರ್ ಪ್ರಸನ್ನ 5 ವಿಕೆಟ್ ತೆಗೆದು ಅವರನ್ನು 192ಕ್ಕೆ ನಿಲ್ಲಿಸಿದರು, ಕೊನೆಗೆ ಗೆದ್ದದ್ದು ನಾವೇ. ವಿಶಿ ಸೆಂಚುರಿಗೆ ಆ ಮೂರು ರನ್ ಕಮ್ಮಿಯಾಯ್ತಲ್ಲ ಅಂತ ಚೆನ್ನೈನ ಹಿರಿಯರೇ ಇವತ್ತಿಗೂ ನಮಗಿಂತ ಜಾಸ್ತಿ ಪೇಚಾಡುತ್ತಾರೆ.

2016ರ ಡಿಸೆಂಬರ್‌ನಲ್ಲಿ ವರ್ದಾ ಚಂಡಮಾರುತ ಬಂದುಹೋಗಿ ನಾಲ್ಕೇ ದಿನ, ಕೆಂಡ ಇಟ್ಟು ಪಿಚ್ ಒಣಗಿಸಿದ್ದರು. ಅದೇ ಪಿಚ್ ಮೇಲೆ ಇಂಗ್ಲೆಂಡ್ ವಿರುದ್ಧ ನಮ್ಮ ಕರ್ನಾಟಕದ ಇಬ್ಬರು ಆಡಿದರು: ಕೆ. ಎಲ್. ರಾಹುಲ್ 199ಕ್ಕೆ ಔಟಾದರು, ಕರುಣ್ ನಾಯರ್ ತಮ್ಮ ಮೂರನೇ ಟೆಸ್ಟ್‌ನಲ್ಲೇ 303 ನಾಟೌಟ್. ಮೊದಲ ಸೆಂಚುರಿಯೇ ತ್ರಿಶತಕ! ಇದನ್ನು ಅಲ್ಲಿ ಕೂತು ಸ್ವಲ್ಪ ಜೋರಾಗಿಯೇ ಹೇಳಬಹುದು, ಅಲ್ವಾ?

ಜನರ ವಿಷಯಕ್ಕೆ ಬಂದರೆ, 1999ರಲ್ಲಿ ಸಚಿನ್ 136 ಹೊಡೆದೂ ಇಂಡಿಯಾ 12 ರನ್ನಿಂದ ಸೋತಾಗ ಇದೇ ಜನ ಎದ್ದು ನಿಂತು ಪಾಕಿಸ್ತಾನಕ್ಕೆ ಚಪ್ಪಾಳೆ ಹೊಡೆದರು. ಹಾಗಾಗಿ ಎದುರು ತಂಡದ ಒಳ್ಳೇ ಶಾಟಿಗೆ ನೀವೂ ಕೈ ತಟ್ಟಿ. ಐಪಿಎಲ್‌ಗೆ ಆರ್‌ಸಿಬಿ ಜೆರ್ಸಿ ಹಾಕಿಕೊಂಡು ಹೋದರೂ ಪರವಾಗಿಲ್ಲ, ಕಾಲೆಳೀತಾರೆ ಅಷ್ಟೇ. ಅಲ್ಲಿ 2008ರಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲೋಕೆ ನಮಗೆ 2025 ಆಗಬೇಕಾಯಿತು, ಸುಮ್ನೆ ನಕ್ಕುಬಿಡಿ.

ಮ್ಯಾಚ್ ಮುಗಿದ ತಕ್ಷಣ ಮೆಟ್ರೋಗೆ ನುಗ್ಗಬೇಡಿ. ಹಾಗೇ ತಿರುವಲ್ಲಿಕ್ಕೇಣಿ ಕಡೆ ನಡೆದು ರತ್ನ ಕೆಫೆಯಲ್ಲಿ ಸಾಂಬಾರ್ ಇಡ್ಲಿ ತಿನ್ನಿ. ನಮ್ಮ ದರ್ಶಿನಿಗಳ ಸಿಹಿ ಸಾಂಬಾರ್ ಅಲ್ಲ ಅದು. ಇಡ್ಲಿ ಮುಳುಗುವಷ್ಟು ಸುರಿಯುತ್ತಾರೆ, ಬಿಳಿ ಶರ್ಟ್ ಹುಷಾರು.