‘ಮಸ್ತ್ ಇತ್ತು ಬಿಡ್ರಿ ಸರ್’ ಅಂದಮೇಲೆ ಏನು ಮಾಡಬೇಕು

ಭಾಷಣ, ತರಬೇತಿ, ಸಲಹೆ, ಇದರಲ್ಲಿ ಯಾವುದರಿಂದ ನಿಮ್ಮ ಹೊಟ್ಟೆಪಾಡು ನಡೆಯುತ್ತಿದ್ದರೂ ಒಂದು ಮಾತು ತಿಳಿದಿರಲಿ. ನಮ್ಮ ದಾವಣಗೆರೆ ಕಡೆ ಕಾರ್ಯಕ್ರಮ ಮುಗಿದ ಕೂಡಲೇ ಸಿಗುವ ಅಭಿಪ್ರಾಯದಲ್ಲಿ ಮುಕ್ಕಾಲು ಪಾಲು ಬರೀ ಮರ್ಯಾದೆ. ನೆಂಟರನ್ನು ಬಾಗಿಲ ತನಕ ಬಂದು ಕಳಿಸಿಕೊಡ್ತೀವಲ್ಲ, ಹಾಗೆ.

ಎರಡು ವರ್ಷದ ಹಿಂದೆ ಇಲ್ಲಿನ ಮೆಕ್ಕೆಜೋಳದ ವ್ಯಾಪಾರಿಗಳಿಗೆ ಲೆಕ್ಕಪತ್ರದ ಬಗ್ಗೆ ಒಂದು ದಿನದ ತರಬೇತಿ ಕೊಟ್ಟಿದ್ದೆ. ಕೊನೆಗೆ ಹತ್ತು ಪ್ರಶ್ನೆಗಳ ಫಾರಂ ಹಂಚಿದೆ, 1ರಿಂದ 5ರವರೆಗೆ ಅಂಕ. ಎಲ್ಲರೂ 5. ಕೆಲವರು ಒಂದೊಂದಕ್ಕೆ ಟಿಕ್ ಹಾಕುವ ಕಷ್ಟವೇ ಬೇಡ ಅಂತ ಮೇಲಿಂದ ಕೆಳಗೆ ಒಂದೇ ಗೀಟು ಎಳೆದಿದ್ದರು. ಸಲಹೆಯ ಜಾಗದಲ್ಲಿ ಒಬ್ಬರು ಬರೆದಿದ್ದು ‘ಊಟ ಚೆನ್ನಾಗಿತ್ತು’. ಅಡುಗೆ ನನ್ನದಲ್ಲ.

ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕೆ ನಿಂತಾಗ ಅದೇ ತರಬೇತಿಯಲ್ಲಿದ್ದ ಹಿರಿಯರೊಬ್ಬರು ಸಿಕ್ಕರು. ಮಿರ್ಚಿ ಮುರಿಯುತ್ತಾ ಹೇಳಿದರು: “ನೀವು ಹೇಳಿದ್ದೆಲ್ಲ ಕರೆಕ್ಟ್ ಐತ್ರಿ ಸರ್. ಆದ್ರೆ ಉದ್ರಿ ಬರ್ಕೊಳ್ಳೋದು ನಮಗೂ ಗೊತ್ತು. ವಸೂಲಿ ಹೆಂಗೆ? ಬೀಗರ ಹತ್ರ ದುಡ್ಡು ಕೇಳೋಕಾಗುತ್ತಾ?” ಆ ಮೂವತ್ತು ಫಾರಂಗಿಂತ ಈ ಒಂದು ಮಾತು ನನಗೆ ಜಾಸ್ತಿ ಕೆಲಸಕ್ಕೆ ಬಂತು. ಮುಂದಿನ ಸಲ ಅರ್ಧ ಗಂಟೆ ಬರೀ ಬಾಕಿ ಕೇಳುವ ಮಾತಿಗೇ ಇಟ್ಟೆ.

ಹಾಗಂತ ಫಾರಂ ಬಿಡಬೇಡಿ, ಬದಲಾಯಿಸಿ. ಕೊನೆಯ ಐದು ನಿಮಿಷದಲ್ಲಿ ಕೊಟ್ಟರೆ ಜಗಳೂರಿನ ಬಸ್ ಹಿಡಿಯಬೇಕಾದವರು ಗೀಟು ಎಳೆಯದೆ ಇನ್ನೇನು ಮಾಡ್ತಾರೆ? ಮುಗಿಯುವ ಅರ್ಧ ಗಂಟೆ ಮೊದಲೇ ಕೊಡಿ, ಹೆಸರು ಕೇಳಬೇಡಿ. ವಾಪಸ್ ಇಸ್ಕೊಳ್ಳುವಾಗ ನೀವು ಎದುರಿಗೆ ನಿಲ್ಲಬೇಡಿ, ಬಾಗಿಲ ಹತ್ರ ಒಂದು ಡಬ್ಬ ಇಡಿ. ಹತ್ತು ಪ್ರಶ್ನೆ ಬೇಡ, ಎರಡು ಸಾಕು. ‘ನಾಳೆ ಅಂಗಡಿಯಲ್ಲಿ ಇದರಲ್ಲಿ ಯಾವುದನ್ನು ಮಾಡ್ತೀರಿ?’ ‘ಎಲ್ಲಿ ತಲೆಬುಡ ಅರ್ಥ ಆಗಲಿಲ್ಲ?’ ಎರಡನೆಯದನ್ನು ‘ಅರ್ಥ ಆಯಿತಾ?’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅಲ್ವಾ?

ಅಂಕ ಇಟ್ಟುಕೊಂಡೇ ಇದ್ದರೆ ಸರಾಸರಿ ನೋಡಿ ಬೀಗಬೇಡಿ. ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ 5, ಒಬ್ಬರು 1 ಕೊಟ್ಟರೂ ಸರಾಸರಿ 4.8. ಆ ಒಬ್ಬರ ಸಿಟ್ಟು ಅದರಲ್ಲಿ ಮುಚ್ಚಿಹೋಗುತ್ತೆ. ಅಮೆರಿಕದಲ್ಲಿ 1970ರಲ್ಲಿ ಒಂದು ತಮಾಷೆಯ ಪ್ರಯೋಗ ನಡೆಯಿತು. ಒಬ್ಬ ನಟನನ್ನು ‘ಡಾಕ್ಟರ್ ಫಾಕ್ಸ್’ ಅಂತ ದೊಡ್ಡ ವಿದ್ವಾಂಸನ ಹಾಗೆ ಪರಿಚಯಿಸಿ, ಓದಿಕೊಂಡವರ ಎದುರಿಗೇ ಹುರುಳಿಲ್ಲದ ಭಾಷಣ ಮಾಡಿಸಿದರು. ಕೇಳಿದವರು ಚೆನ್ನಾಗಿಯೇ ಮೆಚ್ಚಿಕೊಂಡರು. ಮಾತಿನ ಗತ್ತಿಗೂ ಅಂಕ ಬೀಳುತ್ತೆ ಅನ್ನೋದು 5 ಕಂಡಾಗೆಲ್ಲ ನೆನಪಿರಲಿ.

ಕಟುವಾದ ಮಾತು ಬಂದರೆ? ಅವತ್ತು ರಾತ್ರಿ ಓದಲೇಬೇಡಿ. ಸುಸ್ತಾಗಿರ್ತೀರಿ, ಒಂದೇ ಸಾಲು ಹಿಡಿದುಕೊಂಡು ನಿದ್ದೆ ಕೆಡಿಸಿಕೊಳ್ತೀರಿ. ಮಾರನೇ ದಿನ ಕಾಫಿ ಕುಡಿದು ಓದಿ. ‘ಮೈಕ್ ಕೇಳಿಸಲಿಲ್ಲ’, ‘ಅಕ್ಷರ ಸಣ್ಣದು’, ಇಂಥದ್ದು ಒಬ್ಬರು ಹೇಳಿದರೂ ಸರಿ ಮಾಡಿ. ‘ನಿಮ್ಮ ಶೈಲಿ ಹಿಡಿಸಲಿಲ್ಲ’ ಅನ್ನೋದು ರುಚಿಯ ಮಾತು. ಬೆಣ್ಣೆ ದೋಸೆಗೆ ಬೆಣ್ಣೆ ಜಾಸ್ತಿ ಆಯ್ತು ಅನ್ನೋರೂ ಈ ಊರಲ್ಲೇ ಇದ್ದಾರೆ. ಅದನ್ನು ಬರೆದಿಟ್ಟುಕೊಳ್ಳಿ, ಬೇರೆ ಬೇರೆ ಕಡೆ ಮೂರು ಜನ ಅದನ್ನೇ ಹೇಳಿದರೆ ಆಗ ಯೋಚಿಸಿ.

ಸಭೆಯಲ್ಲೇ ಎದ್ದು ನಿಂತು “ಇದೆಲ್ಲ ಪುಸ್ತಕದ ಮಾತು” ಅಂದರೆ ವಾದಕ್ಕೆ ಇಳಿಯಬೇಡಿ. ಗೆದ್ದರೂ ಉಳಿದವರು ಬಾಯಿ ಮುಚ್ಚಿಕೊಳ್ತಾರೆ. “ನಿಮ್ಮಲ್ಲಿ ಇದು ಎಲ್ಲಿ ಕೈಕೊಡುತ್ತೆ, ಒಂದು ಉದಾಹರಣೆ ಹೇಳ್ರಿ” ಅನ್ನಿ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನಿ, ಅಷ್ಟೇ.

ಸಲಹೆಗಾರರ ಕಥೆ ಇನ್ನೂ ಕಷ್ಟ. ಮಾಲೀಕರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಬಿಲ್ ತಡ ಮಾಡ್ತಾರೆ. “ನೋಡೋಣ, ಮುಂದಿನ ಸಲ ಕರೀತೀವಿ” ಅಂದರೆ ಏನೋ ಕೆಟ್ಟಿದೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಕೆಲಸ ಅರ್ಧ ಆದಾಗಲೇ “ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಏನು ಕಮ್ಮಿ ಆಗುತ್ತೆ?” ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ದಾರಿ ಬದಲಿಸೋಕೆ ಇನ್ನೂ ಟೈಮ್ ಇರುತ್ತೆ.

ಇನ್ನೊಂದು ಕೆಲಸ ಇದೆ, ಸುಮಾರು ಜನ ಮಾಡುವುದೇ ಇಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನುವವರು ತರಬೇತಿಯನ್ನು ಅಳೆಯೋಕೆ ನಾಲ್ಕು ಹಂತ ಹೇಳಿದ್ದಾರೆ: ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಸಿಕ್ಕಿತಾ. ಫಾರಂ ಮುಟ್ಟುವುದು ಹೆಚ್ಚಾಗಿ ಮೊದಲನೆಯದನ್ನು ಮಾತ್ರ. ಮೂರನೆಯದಕ್ಕೆ ಮೂರು ವಾರ ಬಿಟ್ಟು ಐದು ಜನರಿಗೆ ಫೋನ್ ಮಾಡಿ. ಹೊಗಳಿದವರಿಗಲ್ಲ, ಹಿಂದಿನ ಸಾಲಲ್ಲಿ ಸುಮ್ನೆ ಕೂತಿದ್ದವರಿಗೆ. ಮಂಡಿಯವರಾದರೆ ವ್ಯಾಪಾರದ ಹೊತ್ತಲ್ಲಿ ಬೇಡ, ಬೈಸ್ಕೊಳ್ತೀರಿ. ಮಧ್ಯಾಹ್ನ ಊಟ ಆದಮೇಲೆ ಮಾಡಿ.